ಎಡಗೈಯವನ ಗಿಟಾರ್

"ದಪ್ಪ ತಂತಿ ಮೇಲೆದ್ದೈತೆ. ಸಣ್ಣ ತಂತಿ ಮುಟ್ಟಿದ್ರೆ ಗರ್ರ್ ಅಂತದೆ. ನುಡಿಸಾಕಾಗಲ್ಲ. ಸರಿ ಮಾಡ್ಕೊಡಿ."

ಬಂದವನು ಗಿಟಾರನ್ನು ಸುಗ್ರಾಳ ಕೆಲಸದ ಮೇಜಿನ ಮೇಲೆ ಮಲಗಿಸಿ, ಕುರ್ಚಿ ಎಳೆದುಕೊಂಡು ಕೂತ. ಐವತ್ತರ ಆಸುಪಾಸು. ಬೂದು ಸಫಾರಿ ಸೂಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮೆತ್ತನೆಯ ದನಿ. ಹೆಸರು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಗಿಟಾರ್ ರಿಪೇರಿಗೆ ಆರ್.ಟಿ. ನಗರದ ಈ ಮನೆಗೆ ಆರ್ಕೆಸ್ಟ್ರಾದವರು, ಚರ್ಚಿನವರು ಬರುತ್ತಿದ್ದರು. ದಂಡು ಪ್ರದೇಶದ ವಾದ್ಯದಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದ ಅಪ್ಪ ಗುಲಾಮ್ ರಸೂಲ್ ಸತ್ತ ಮೇಲೆ ಅವರ ಅರ, ಉಳಿ, ಮೇಜು ಎಲ್ಲ ಮಗಳಿಗೆ ಬಂದಿದ್ದವು. ಹಾಗಾಗಿ ಗೊತ್ತಿಲ್ಲದವರು ಬಾಗಿಲಿಗೆ ಬಂದರೆ ಸುಗ್ರಾ ಹೆದರುವವಳಲ್ಲ.

ಅವಳು ಅಭ್ಯಾಸದಂತೆ ಮೊದಲು ಗಿಟಾರಿನ ತಲೆಯ ಹತ್ತಿರ ಕೈ ಇಟ್ಟಳು. ತಂತಿಗಳು ಕತ್ತಿನ ಮೇಲೆ ಇಳಿಯುವ ಮೊದಲು ಕೂರುವ ಪುಟ್ಟ ಮೂಳೆಪಟ್ಟಿ ಅಲ್ಲಿರುತ್ತದೆ. ದಪ್ಪ ತಂತಿಗೆ ಅಗಲದ ಸೀಳು, ಸಣ್ಣ ತಂತಿಗೆ ಕಿರಿದು. ಬೆರಳು ಆ ಸೀಳುಗಳ ಮೇಲೆ ಸರಿಯಿತು.

ಅಲ್ಲೇ ನಿಂತಿತು.

ಅಗಲದ ಸೀಳಿನಲ್ಲಿ ಸಣ್ಣ ತಂತಿ ಅಲ್ಲಾಡುತ್ತಿತ್ತು. ಕಿರಿದಾದ ಸೀಳಿನೊಳಗೆ ಇಳಿಯಲಾಗದೆ ದಪ್ಪ ತಂತಿ ಮೇಲೆಯೇ ಕೂತಿತ್ತು. ಎಡಗೈಯವನಿಗಾಗಿ ಕೊಯ್ದ ಮೂಳೆ ಅದು. ಯಾರೋ ಅದರ ಮೇಲೆ ಬಲಗೈಯವರ ಹಾಗೆ ತಂತಿ ಬಿಗಿದಿದ್ದಾರೆ.

ಆ ಮೂಳೆ ಕೊಯ್ದವಳು ಸುಗ್ರಾಳೇ. ಶಿವಾಜಿನಗರದಿಂದ ಎಮ್ಮೆಯ ಮೂಳೆ ತರಿಸಿ, ಕುದಿಸಿ, ಉಜ್ಜಿ, ಗಯಾಸನ ಮದುವೆಯ ವಾರ ಇದೇ ಮೇಜಿನ ಮೇಲೆ ಕೂರಿಸಿಕೊಟ್ಟಿದ್ದಳು.

ಗಯಾಸ್ ಅವಳ ತಂಗಿಯ ಗಂಡ. ಮದುವೆಮನೆಗಳಲ್ಲಿ ಆರ್ಕೆಸ್ಟ್ರಾ ಜೊತೆ ಗಿಟಾರ್ ನುಡಿಸುತ್ತಿದ್ದ. ಹೆಬ್ಬಾಳ ಕೆರೆಯ ಜೊಂಡಿನಲ್ಲಿ ಸಿಕ್ಕ, ಮುಖದ ಗುರುತೇ ಇಲ್ಲದ ಹೆಣವನ್ನು ಅವನದೆಂದು ಮಣ್ಣು ಮಾಡಿ ತಿಂಗಳಾಗುತ್ತ ಬಂದಿತ್ತು. ಗಿಟಾರ್ ಮಾತ್ರ ಸಿಕ್ಕಿರಲಿಲ್ಲ.

"ಅದು ಯಾರ ಕೈಲಿದೆಯೋ ಅವರೇ ನಮಗೆ ಬೇಕಾದೋರು," ಎಂದಿದ್ದರು ಇನ್ಸ್‌ಪೆಕ್ಟರ್ ಚನ್ನಕೇಶವ. "ಇವತ್ತಲ್ಲ ನಾಳೆ ರಿಪೇರಿಗೆ ಎಲ್ಲಿಗಾದ್ರೂ ಬರತ್ತೆ. ನಿಮ್ಮ ಹತ್ರಾನೇ ಬಂದ್ರೆ ಗಾಬರಿ ತೋರಿಸ್ಬೇಡಿ. ಒಂದು ಫೋನ್ ಮಾಡಿ, ಸಾಕು."

ಗಾಬರಿ ತೋರಿಸಬೇಡಿ. ಹೇಳುವುದು ಸುಲಭ. ಸುಗ್ರಾ ಬೆರಳನ್ನು ಮೂಳೆಯಿಂದ ತೆಗೆದಳು.

"ಹೊಸದಾ?" ಎಂದಳು.

"ಒಸದೇ. ಬಾಂಬೆಯಿಂದ ತರಿಸಿದ್ದು. ಮಗಳು ಕಲೀತಾವ್ಳೆ."

"ಬಿಟ್ಟು ಹೋಗಿ. ನಾಡಿದ್ದು ಬಂದು ತಗೊಂಡ್ಹೋಗಿ."

"ಇಲ್ಲ. ನನ್ ಮುಂದೇನೇ ಮಾಡಿ. ಕೂತಿರ್ತೀನಿ."

ಅವನು ಎದ್ದು ಹೋಗಿ ಬೀದಿಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. "ಧೂಳು ಬತ್ತದೆ," ಎಂದ. ಎದುರಿನ ಖಾಲಿ ಸೈಟಿನಿಂದ ಮಾರ್ಚ್ ತಿಂಗಳ ಬಿಸಿಗಾಳಿ ಧೂಳು ತರುತ್ತಿದ್ದದ್ದು ನಿಜವೇ. ಆದರೂ ಚಿಲಕದ ಸದ್ದು ಕೇಳಿ ಸುಗ್ರಾ ಹೊತ್ತು ಲೆಕ್ಕ ಹಾಕಿದಳು. ಗಂಡ ನೂರುಲ್ಲಾ ಯಶವಂತಪುರದ ಮರದ ಮಂಡಿಯಿಂದ ಬರುವುದು ಸೂರ್ಯ ಮುಳುಗಿ ಮಗ್ರಿಬ್ ನಮಾಜು ಕಳೆದ ಮೇಲೆಯೇ. ಇನ್ನೂ ಇಳಿಹೊತ್ತಿನ ಅಸರ್‌ನ ಆಜಾನ್ ಕೂಡ ಆಗಿರಲಿಲ್ಲ.

ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದವಳು ಒಬ್ಬಳೇ.

ಒಳಕೋಣೆಯ ಪರದೆಯ ಹಿಂದೆ ಅಮೀನಾ ಇದ್ದಳು. ಸುಗ್ರಾಳ ತಂಗಿ, ಗಯಾಸನ ಹೆಂಡತಿ. ಗಂಡ ಸತ್ತ ಹೆಂಗಸು ಹಿಡಿಯಬೇಕಾದ ಇದ್ದತ್ ಹಿಡಿದು, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ ಅಕ್ಕನ ಮನೆಯಲ್ಲೇ ಕೂತಿದ್ದಳು. ಕೈಯಲ್ಲಿ ತಸ್‌ಬಿ ಮಣಿ ಎಣಿಸುವ ಸದ್ದು ಪರದೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು.

ಈಗ ತಂತಿ ಮೀಟಲೇಬೇಕು. ಮೀಟದೆ ತೊಂದರೆ ಎಲ್ಲಿದೆಯೆಂದು ಯಾವ ರಿಪೇರಿಯವರಿಗೂ ತಿಳಿಯುವುದಿಲ್ಲ. ಮೀಟದಿದ್ದರೆ ಇವನಿಗೆ ಅನುಮಾನ ಬರುತ್ತದೆ. ಮೀಟಿದರೆ ಅಮೀನಾ ಗಂಡನ ಗಿಟಾರಿನ ದನಿ ಗುರುತು ಹಿಡಿಯುತ್ತಾಳೆ.

ಸುಗ್ರಾ ಆದಷ್ಟು ಮೆಲ್ಲಗೆ ಒಂದು ತಂತಿ ಮೀಟಿದಳು.

ಪರದೆಯಾಚೆ ಮಣಿಯ ಸದ್ದು ನಿಂತುಹೋಯಿತು.

ಅಮೀನಾ ಕೂಗಿಕೊಳ್ಳುತ್ತಾಳೆ, ಪರದೆ ಸರಿಸಿ ಹೊರಗೆ ಬರುತ್ತಾಳೆ ಎಂದು ಸುಗ್ರಾ ಕಾದಳು. ಏನೂ ಆಗಲಿಲ್ಲ. ಪರದೆ ಅಲ್ಲಾಡಲಿಲ್ಲ.

"ಏನಾಗೈತೆ ಇದಕ್ಕೆ?" ಅವನು ಕೇಳಿದ.

"ನೋಡ್ತೀನಿ, ಇರಿ."

ಅವಳು ಗಿಟಾರನ್ನು ಬಂದೂಕಿನಂತೆ ಎತ್ತಿ ಕಣ್ಣಿಗೆ ನೇರ ಹಿಡಿದು ಕತ್ತು ನೋಡಿದಳು. ಕತ್ತು ಬಾಗಿರಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿಸಿ, ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್‌ಗಳನ್ನು ಒಂದೊಂದಾಗಿ ನೋಡಿದಳು. ಸಣ್ಣ ತಂತಿಗಳು ಫ್ರೆಟ್ಟಿನಲ್ಲಿ ಬ್ಲೇಡಿನಿಂದ ಗೀರಿದ ಹಾಗೆ ಚೂಪಾದ ಗಾಯ ಮಾಡುತ್ತವೆ. ಆ ಗಾಯಗಳು ಇಲ್ಲಿ ದಪ್ಪ ತಂತಿಯ ಕೆಳಗಿದ್ದವು. ವರ್ಷಗಟ್ಟಲೆ ತಂತಿಗಳು ತಿರುವುಮುರುವಾಗಿ ಕೂತಿದ್ದ ಗಿಟಾರ್. ಪೆಟ್ಟಿಗೆಯ ಮೇಲೆ ನುಡಿಸುವವನ ಮೊಣಕೈ ಒರಗಿ ಪಾಲಿಶ್ ಸವೆದಿದ್ದ ಜಾಗವೂ ಹಾಗೆಯೇ, ಬಲಗೈಯವರು ಒರಗುವ ಕಡೆ ಅಲ್ಲ, ಕೆಳಗಿನ ಅರ್ಧದಲ್ಲಿ.

ಬಾಂಬೆಯ ಹೊಸ ಗಿಟಾರಂತೆ.

ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದು ಕಂಡಿತು.

ತಂತಿಗಳು ಹೊಸವು. ಆದರೆ ತಲೆಯ ಹತ್ತಿರದ ಎರಡು ಮೂರು ಫ್ರೆಟ್ಟುಗಳ ಮಧ್ಯೆ ಹೊಳಪು ಸತ್ತು ಮಂಕಾಗಿದ್ದವು. ಹೊಸದಾಗಿ ಕಲಿಯುವವರು ಬೆರಳೂರಿ ಒತ್ತುವುದು ಅಲ್ಲಿಯೇ. ದಪ್ಪ ತಂತಿಯ ಸುತ್ತುಗಳ ಸಂದಿಯಲ್ಲಿ ಕಂದು ಬಣ್ಣದ ಏನೋ ಒಣಗಿ ಕೂತಿತ್ತು. ತುಕ್ಕು ಎಂದುಕೊಂಡಳು. ಉಗುರಿನಿಂದ ಕೆರೆದು ನೋಡಿದಳು. ತುಕ್ಕು ಹಾಗೆ ಪುಡಿಪುಡಿಯಾಗಿ ಸಿಪ್ಪೆಯೇಳುವುದಿಲ್ಲ.

ರಕ್ತ.

ಯಾರೋ ಈ ಎದ್ದ ತಂತಿಗಳನ್ನು ಬೆರಳು ಒಡೆಯುವ ತನಕ ಒತ್ತಿದ್ದಾರೆ. ಬೆರಳ ತುದಿ ಇನ್ನೂ ಗಟ್ಟಿಯಾಗಿರದ ಯಾರೋ.

"ಒಂದ್ಸಲ ನೀವೇ ಒತ್ತಿ ನೋಡಿ," ಎಂದಳು. "ಎಲ್ಲಿ ಕಷ್ಟ ಆಗ್ತಿದೆ ಅಂತ ಗೊತ್ತಾಗ್ಲಿ."

ಅವನು ಒಂದು ಕ್ಷಣ ಅವಳನ್ನೇ ನೋಡಿ, ಕೈ ಮುಂದೆ ಚಾಚಿ, ಹೆಬ್ಬೆರಳಿನಿಂದ ತಂತಿ ಒತ್ತಿದ. ಗಿಟಾರ್ ಹಿಡಿದವರು ಯಾರೂ ಹಾಗೆ ಒತ್ತುವುದಿಲ್ಲ. ಬೆರಳ ತುದಿಗಳು ಮೆತ್ತಗೆ, ಗುಂಡಗೆ, ಒಂದು ಗಾಯವೂ ಇಲ್ಲದೆ ಇದ್ದವು. ಎರಡು ಉಂಗುರ.

ಇವನಲ್ಲ. ಹಾಗಾದರೆ ಯಾರು?

ಫೋನ್ ಇದ್ದದ್ದು ಹಿತ್ತಲಾಚೆಯ ಲಕ್ಷ್ಮಿದೇವಮ್ಮನವರ ಮನೆಯಲ್ಲಿ. ಎರಡು ಹಿತ್ತಲಿನ ನಡುವೆ ಗೋಡೆ ಮುರಿದು ಒಂದಾಳು ತೂರುವಷ್ಟು ಸಂದಿ ಇತ್ತು. ಇದ್ದತ್ತಿನಲ್ಲಿರುವವಳನ್ನು ಹೊಸಿಲು ದಾಟಿಸುವುದು ತಪ್ಪೆಂದು ಸುಗ್ರಾಳಿಗೆ ಗೊತ್ತಿತ್ತು. ಇವತ್ತು ಅಲ್ಲಾಹ್ ಮಾಫಿ ಕೊಡುತ್ತಾನೆ ಎಂದುಕೊಂಡಳು.

ಅರ ಹುಡುಕುವವಳಂತೆ ತಲೆ ತಗ್ಗಿಸಿಕೊಂಡು, ಮನೆಯೊಳಗೆ ಆಡುವ ಉರ್ದುವಿನಲ್ಲಿ ಪರದೆಯ ಕಡೆಗೆ ಕೂಗಿದಳು. ಮನೆಗೆ ಒಬ್ಬರು ಬಂದಿದ್ದಾರೆ, ಚಹಾ ಮಾಡಬೇಕು, ಸಕ್ಕರೆ ಮುಗಿದಿದೆ. ಹಿತ್ತಲಿಂದ ಲಕ್ಷ್ಮಿದೇವಮ್ಮನವರ ಮನೆಗೆ ಹೋಗಿ ತಗೊಂಡು ಬಾ, ಕೇಶವಣ್ಣನಿಗೂ ಬೇಗ ಬರೋಕೆ ಹೇಳು.

ಕೇಶವಣ್ಣ ಎಂದರೆ ಯಾರೆಂದು ಅಮೀನಾಳಿಗೆ ತಿಳಿಯಬೇಕು. ತಿಳಿದೇ ತಿಳಿಯುತ್ತದೆ.

"ಆಯ್ತು, ಆಪಾ." ಪರದೆಯಾಚೆಯ ದನಿ ತಣ್ಣಗಿತ್ತು. ಬಳೆ ತೆಗೆದ ಕೈಗಳಾದ್ದರಿಂದ ಅವಳು ಎದ್ದದ್ದು, ಹೋದದ್ದು ಏನೂ ಕೇಳಲಿಲ್ಲ. ಹಿತ್ತಲ ಬಾಗಿಲು ಕಿರುಗುಟ್ಟಿತು, ಅಷ್ಟೇ.

ಸುಗ್ರಾ ಒಂದು ಅರ ಕೈಗೆತ್ತಿಕೊಂಡಳು.

"ಚಾ ಬ್ಯಾಡ ಕಣವ್ವಾ," ಎಂದ ಅವನು. "ನಂಗೆ ಸಕ್ಕರೆ ಕಾಯ್ಲೆ."

ಅವಳ ಕೈಯಲ್ಲಿದ್ದ ಅರ ನೆಲಕ್ಕೆ ಬಿತ್ತು.

"ನಮ್ಮೂರಾಗೆ ಅರ್ಧ ಊರು ನಿಮ್ಮೋರೇ. ಚಿಕ್ಕಂದಿನಿಂದ ಕೇಳಿ ಕೇಳಿ ನಿಮ್ ಉರ್ದು ಬತ್ತದೆ." ಅವನು ಬಗ್ಗಿ ಅರವನ್ನು ಎತ್ತಿ, ಅವಳ ಕೈಗೇ ಕೊಟ್ಟ. "ಬರ್ಲಿ ಬಿಡಿ ಕೇಶವಣ್ಣ. ನೀವು ಕೆಲ್ಸ ಮಾಡಿ. ಅವ್ರು ಬರಾಕೆ ಮುಂಚೆ ನಾನು ಓಗ್ಬೇಕು."

ಕೇಶವಣ್ಣ ಯಾರೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸುಗ್ರಾ ತಂತಿಗಳನ್ನು ಸಡಿಲಿಸಿದಳು. ಹಳೆಯ ಮೂಳೆಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ತಾನೇ ಕೂರಿಸಿದ್ದ ಮೂಳೆ ಹಲ್ಲು ಕಿತ್ತ ಹಾಗೆ ಬಂತು. ಹೊಸ ಮೂಳೆತುಂಡನ್ನು ಅದರ ಪಕ್ಕ ಇಟ್ಟು, ಸೀಳುಗಳ ಜಾಗ ಗುರುತು ಮಾಡಿಕೊಂಡಳು.

ಕೆಲಸ ಶುರುವಾದರೆ ಕೈ ತಾನಾಗಿ ನಡೆಯುತ್ತದೆ. ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು. ಈಗ ಅಮೀನಾ ಗೋಡೆಯ ಸಂದಿ ದಾಟಿರಬೇಕು. ಈಗ ಫೋನ್ ಎತ್ತಿರಬೇಕು. ಜೀಪು ಬರಲು ಎಷ್ಟು ಹೊತ್ತು?

"ಇದನ್ನ ನುಡಿಸೋರ ಕೈ ನೋಡ್ಬೇಕಿತ್ತು," ಎಂದಳು. ಮಾತು ಬೆಳೆದರೆ ಹೊತ್ತು ಕಳೆಯುತ್ತದೆ. "ಕೆಲವ್ರು ಜೋರಾಗಿ ಒತ್ತುತಾರೆ, ಕೆಲವ್ರು ಮೆತ್ತಗೆ. ತಂತಿ ಎಷ್ಟು ಇಳಿಸ್ಬೇಕು ಅನ್ನೋದು ಅದರ ಮೇಲಿರತ್ತೆ. ನಿಮ್ಮ ಮಗಳಿಗೆ ಏನ್ ವಯಸ್ಸು?"

ಅವನು ಮೇಜಿನ ಮೇಲಿದ್ದ ಹಳೆಯ ಮೂಳೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದ.

"ಮಗಳಿಲ್ಲ ನಂಗೆ," ಎಂದ ಕಡೆಗೆ. "ಸುಮ್ನೆ ಯಾಕೆ ಸುಳ್ಳು. ನಿಮ್ಗೂ ಗೊತ್ತು. ಇದ್ನ ಮುಟ್ಟಿದ ತಕ್ಷಣ ನಿಮ್ ಕೈ ನಿಂತೋಯ್ತು. ನೋಡ್ದೆ ನಾನು."

ಸುಗ್ರಾ ಸೀಳಿನ ಗುರುತನ್ನು ಇನ್ನೊಮ್ಮೆ ಗೀರಿದಳು.

"ನುಡಿಸೋನು ಎಡಚ. ಬಲಗೈ ಬೆರಳಲ್ಲಿ ತಂತಿ ಒತ್ತುತಿದ್ದ. ಈಗ ಆ ಬೆರಳಿಲ್ಲ. ಎಲ್ಲಾ ಓಗಿಲ್ಲ, ಒತ್ತಾಕೆ ಬೇಕಾದವು ಓದವು. ಅದಕ್ಕೇ ಈಗ ಎಲ್ರ ತರ ಕಲೀತಾವ್ನೆ, ಎಡಗೈಲಿ ಒತ್ತಾದು. ತಂತಿ ತಿರುಗ್ಸಿ ಆಕ್ಕೊಂಡ. ರಕ್ತ ಬತ್ತದೆ, ಆದ್ರೂ ಬಿಡಲ್ಲ."

ಕೈಯಲ್ಲಿನ ಮೂಳೆತುಂಡು, ಕಿಟಕಿಯ ಸರಳು, ಎದುರಿಗಿದ್ದವನ ಉಂಗುರ, ಎಲ್ಲ ಒಂದು ಗಳಿಗೆ ದೂರ ಸರಿದವು.

"ಕಲೀತಾವ್ನೆ ಅಂದ್ರಾ?" ಎಂದಳು. "ಬದುಕಿದ್ದಾನಾ?"

"ಸತ್ತೋನು ಗಿಟಾರ್ ನುಡಿಸ್ತಾನಾ."

"ಗಯಾಸ್?"

"ಎಸರು ಯಾಕೆ." ಅವನು ಹಳೆಯ ಮೂಳೆಯನ್ನು ಸಫಾರಿಯ ಜೇಬಿಗೆ ಹಾಕಿಕೊಂಡ. "ಅನ್ನ ಮುಟ್ಟಲ್ಲ ಅಂತ ಕೂತ್ಬಿಟ್ಟ. ಗಿಟಾರ್ ಸರಿ ಮಾಡ್ಸಿ ಕೊಟ್ರೆ ತಿಂತೀನಿ ಅಂದ. ಬೇರೆ ಕಡೆ ಮಾಡುಸ್ತೀನಿ ಅಂದ್ರೆ ಒಪ್ಪಾಕಿಲ್ಲ. ನೀವೇ ಆಗ್ಬೇಕು, ನಿಮ್ ಕೈಯೇ ಆಗ್ಬೇಕು ಅಂತ ಅಠ. ಅವ್ನು ಸತ್ರೆ ನಂಗೆ ನಷ್ಟ. ಅವ್ನು ಇನ್ನೂ ಒಂದು ಮಾತು ಬಾಯಿ ಬಿಡ್ಬೇಕು."

"ಏನು ಮಾತು?"

"ಅದು ನಿಮ್ ಕೆಲ್ಸ ಅಲ್ಲ."

"ಅವನು ಯಾರಿಗೂ ಏನೂ ಮಾಡಿದೋನಲ್ಲ. ಅವನನ್ನ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳ್ಬ್ಯಾಡಿ. ಕೆಲ್ಸ ಮಾಡಿ." ದನಿ ಏರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಸಮಾಧಾನ ಹೇಳುವವನ ಹಾಗೆ ಮುಂದೆ ಬಾಗಿದ. "ನೀವು ಕೂಗ್ಬೋದು, ಬೀದಿ ಜನ ಸೇರ್ಬೋದು. ನನ್ನ ಇಡೀಬೋದು. ನಾನು ಕತ್ಲಾಗೋದ್ರೊಳಗೆ ಅಲ್ಲಿಗೆ ಓಗ್ದಿದ್ರೆ, ಅಲ್ಲಿರೋರಿಗೆ ಏನ್ ಮಾಡ್ಬೇಕು ಅಂತ ಗೊತ್ತು. ಅವ್ನ ಎಡಗೈ ಇನ್ನೂ ಚೆನ್ನಾಗೈತೆ."

ಹೊರಗೆ ಐಸ್‌ಕ್ಯಾಂಡಿ ಗಾಡಿಯ ಗಂಟೆ ಹಾದುಹೋಯಿತು. ಒಂದು ಕೂಗು ಹಾಕಿದರೆ ಕೇಳುವಷ್ಟು ಹತ್ತಿರ. ಸುಗ್ರಾ ತುಟಿ ಕಚ್ಚಿ ಹಿಡಿದಳು.

ಈಗ ಅವಳು ಬೇಡುತ್ತಿದ್ದದ್ದು ಬೇರೆ. ಚನ್ನಕೇಶವ ಬರುವುದು ಸ್ವಲ್ಪ ತಡವಾಗಲಿ.

ಹೊಸ ಮೂಳೆಯಲ್ಲಿ ಸೀಳು ತೆಗೆಯತೊಡಗಿದಳು. ದಪ್ಪ ತಂತಿಗೆ ದಪ್ಪ ಅರ, ಸಣ್ಣ ತಂತಿಗೆ ಸೂಜಿಯಂಥ ಅರ. ಒಂದೊಂದು ಸೀಳಿನಲ್ಲೂ ತಂತಿ ಕೂರಿಸಿ, ಮೂರನೆಯ ಫ್ರೆಟ್ಟಿನ ಹತ್ತಿರ ಒತ್ತಿ ಹಿಡಿದು, ಮೊದಲನೆಯ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟೇ ಸಂದಿ ಉಳಿದಿದೆಯೇ ಎಂದು ನೋಡಿದಳು. ಅಪ್ಪ ಕಲಿಸಿದ್ದು ಹಾಗೆ. ಸಂದಿ ಹೆಚ್ಚಾದರೆ ಬೆರಳು ನೋಯುತ್ತದೆ, ಕಡಿಮೆಯಾದರೆ ತಂತಿ ಗರಗುಟ್ಟುತ್ತದೆ.

ಗಯಾಸನ ಎಡಗೈಯನ್ನು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ತಂತಿ ಮೀಟುತ್ತಿದ್ದ ಕೈ ಅದು. ಮದುವೆಮನೆಯಲ್ಲಿ ಮಕ್ಕಳ ತಲೆ ಸವರುತ್ತಿದ್ದ ಕೈ. ಒತ್ತಿ ಅಭ್ಯಾಸವಿಲ್ಲದ, ತುದಿ ಮೆತ್ತಗಿರುವ ಬೆರಳುಗಳು. ಆ ಬೆರಳಿಗೆ ನೋವಾಗದ ಹಾಗೆ ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದಳು. ಕಣ್ಣು ತುಂಬಿ ಬಂತು. ಅರದ ಪುಡಿ ಊದುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಗಯಾಸ್ ಯಾಕೆ ಸುಗ್ರಾಳ ಕೈಯೇ ಆಗಬೇಕೆಂದು ಹಟ ಹಿಡಿದ? ಮುಟ್ಟಿದ ತಕ್ಷಣ ಗುರುತು ಸಿಗಲಿ ಎಂದು. ತಾನು ಬದುಕಿದ್ದೇನೆ ಎಂದು ತಿಳಿಸಲು ಅವನ ಹತ್ತಿರ ಬೇರೆ ದಾರಿ ಇರಲಿಲ್ಲ.

ಹಾಗಾದರೆ ತಿಳಿಯಿತೆಂದು ಅವನಿಗೆ ಹೇಳುವುದು ಹೇಗೆ? ಈ ಗಿಟಾರ್ ಇನ್ನೊಂದು ಸಲ ಈ ಮೇಜಿನ ಮೇಲೆ ಬರುವ ಹಾಗೆ ಮಾಡುವುದು ಹೇಗೆ?

ಕೆಳಗೆ, ಪೆಟ್ಟಿಗೆಗೆ ಅಂಟಿಸಿದ ಮರದ ಬ್ರಿಡ್ಜ್ ಮೇಲೆ, ತಂತಿಗಳನ್ನು ಎತ್ತಿ ಹಿಡಿಯುವ ಇನ್ನೊಂದು ಮೂಳೆ ಇತ್ತು. ಅದನ್ನೂ ಅವಳೇ ಎಡಗೈಯವನಿಗೆ ಹೊಂದುವಂತೆ ಓರೆಯಾಗಿ ಕೂರಿಸಿದ್ದಳು. ನ್ಯಾಯವಾಗಿ ಹಳೆಯ ಸೀಳು ಮುಚ್ಚಿ ಹೊಸದು ಕೊರೆಯಬೇಕು. ಈಗ ಆಗುವ ಮಾತಲ್ಲ. ಮೂಳೆಯ ತಲೆಯನ್ನೇ ಅರದಿಂದ ಉಜ್ಜಿ, ಎತ್ತರ ಹೊಂದಿಸಿ, ಕೆಳಗೆ ತೆಳು ಮರದ ಸಿಪ್ಪೆ ಕೊಡಬೇಕು.

ಅವಳ ಕೈ ಮರದ ಸಿಪ್ಪೆಗಳ ಡಬ್ಬಿಯನ್ನು ದಾಟಿ, ಮೇಣದ ಉಂಡೆಯ ಮೇಲೆ ನಿಂತಿತು.

ಮೇಣ ಇವತ್ತು ಗಟ್ಟಿಯಾಗಿರುತ್ತದೆ. ಈ ಬಿಸಿಲಿಗೆ, ತಂತಿಗಳ ಒತ್ತಡಕ್ಕೆ, ಕೆಲವೇ ದಿನದಲ್ಲಿ ಜಜ್ಜಿಹೋಗುತ್ತದೆ. ಮೂಳೆ ಕುಸಿದು, ತಂತಿಗಳು ಮತ್ತೆ ಗರಗುಟ್ಟುತ್ತವೆ. ಸುಗ್ರಾಳ ಕೈಯಿಂದ ಹೋದ ಗಿಟಾರ್ ಹಾಗೆ ಕೆಡುವುದಿಲ್ಲವೆಂದು ಗಯಾಸನಿಗೆ ಚೆನ್ನಾಗಿ ಗೊತ್ತು. ಬೇಕೆಂದೇ ಮಾಡಿದ್ದಾಳೆಂದು ಅವನಿಗೆ ಅರ್ಥವಾಗುತ್ತದೆ. ಮತ್ತೆ ಕಳಿಸೆಂದು ಹಟ ಹಿಡಿಯುತ್ತಾನೆ.

ಚಿಟಿಕೆಯಷ್ಟು ಮೇಣ ಚಿವುಟಿದಳು.

"ಏನದು?"

ಕುರ್ಚಿಯಲ್ಲಿದ್ದವನು ಯಾವಾಗ ಎದ್ದನೋ, ಈಗ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಎಲೆಅಡಿಕೆಯ ವಾಸನೆ ಕಿವಿಯ ಹತ್ತಿರ ಬಂತು.

"ಮೇಣ."

"ಎಲ್ಲಿಗೆ?"

"ಮೇಲಿನ ಸೀಳಿಗೆ ಹಚ್ಚೋದು. ತಂತಿ ಬಿಗಿಯುವಾಗ ಜಾರಲಿ ಅಂತ." ಅವಳು ಅವನ ಕಣ್ಣೆದುರಿಗೇ ಬೆರಳಿಂದ ಸೀಳುಗಳಿಗೆ ಒಂದಿಷ್ಟು ಸವರಿದಳು. "ನೋಡಿ, ಹೀಗೆ."

ಅವನು ಬಗ್ಗಿ ಸೀಳುಗಳನ್ನು ನೋಡಿದ.

"ಮತ್ತೆ ಕೆಟ್ಟೋಗ್ಬಾರದು," ಎಂದ. "ಇನ್ನೊಂದ್ಸಲ ಬರಾಕೆ ನಂಗೆ ಇಷ್ಟ ಇಲ್ಲ."

"ಕೆಡಲ್ಲ."

ಅವನು ಕಿಟಕಿಯ ಕಡೆ ತಿರುಗಿ ಬೀದಿ ನೋಡಿದ. ಆ ಒಂದು ಉಸಿರಿನಲ್ಲಿ ಸುಗ್ರಾ ಮೇಣವನ್ನು ಬ್ರಿಡ್ಜಿನ ಸೀಳಿಗೆ ಒತ್ತಿ, ಮೂಳೆಯನ್ನು ಅದರ ಮೇಲೆ ಕೂರಿಸಿದಳು. ತಂತಿಗಳನ್ನು ಬಿಗಿದಳು. ಶ್ರುತಿ ಮಾಡಿದಳು.

"ನುಡ್ಸಿ ತೋರ್ಸಿ."

ನುಡಿಸಿದಳು. ತಂತಿಗಳು ಕೈಗೆ ಮೆತ್ತಗೆ ಬಂದವು. ಗರಗುಟ್ಟಲಿಲ್ಲ. ತಿಂಗಳ ಕೆಳಗೆ ಸತ್ತನೆಂದು ಅತ್ತಿದ್ದ ಮನುಷ್ಯನ ಗಿಟಾರ್ ಅವಳ ತೊಡೆಯ ಮೇಲೆ ತುಂಬಿದ ದನಿಯಲ್ಲಿ ಮೊಳಗಿತು.

ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಅಮೀನಾ ಇನ್ನೂ ಹಿಂದಿರುಗಿರಲಿಲ್ಲ. ಅಲ್ಲೇ ಇರಲಿ, ಲಕ್ಷ್ಮಿದೇವಮ್ಮನವರ ಮನೆಯಲ್ಲೇ ಇರಲಿ ಎಂದು ಸುಗ್ರಾ ಮನಸ್ಸಿನಲ್ಲೇ ಬೇಡಿಕೊಂಡಳು.

ಅವನು ಗಿಟಾರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿ, ಚಿಲಕ ತೆಗೆದ. ಹೊಸಿಲ ಮೇಲೆ ನಿಂತು ತಿರುಗಿದ.

"ಒಳ್ಳೆ ಕೈ ನಿಮ್ದು," ಎಂದ. "ಊಟ ಮಾಡ್ತಾನೆ ಇವತ್ತು."

ಅವನು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ನಡೆದೇ ಹೋದ. ಮನೆಯ ಮುಂದೆ ಯಾವ ಗಾಡಿಯೂ ಇರಲಿಲ್ಲ. ಆಮೇಲೆ ಒಳಕ್ಕೆ ಓಡಿದಳು. ಒಳಕೋಣೆ ಖಾಲಿ. ಹಿತ್ತಲು ದಾಟಿ, ಗೋಡೆಯ ಸಂದಿಯಲ್ಲಿ ತೂರುವಾಗ ಸೆರಗು ಹರಿಯಿತು. ಗಮನಿಸಲಿಲ್ಲ.

ಲಕ್ಷ್ಮಿದೇವಮ್ಮ ಮುಂಬಾಗಿಲ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಸುಗ್ರಾ ನಡುಮನೆಗೆ ನುಗ್ಗಿ ಫೋನ್ ತಿರುಗಿಸಿದಳು.

"ಚನ್ನಕೇಶವ."

"ಸಾರ್, ಸುಗ್ರಾ. ನೀವು ಇನ್ನೂ ಹೊರಟಿಲ್ವಾ?"

"ಎಲ್ಲಿಗೆ ಹೊರಡೋದು?"

"ಅಮೀನಾ ಫೋನ್ ಮಾಡಿದ್ಲಲ್ಲ."

"ನನಗೆ ಯಾವ ಫೋನೂ ಬಂದಿಲ್ಲ."

ಹೊಲಿಗೆ ಬಿಚ್ಚಿಕೊಂಡ ಬಟ್ಟೆಯ ಹಾಗೆ ಮಾತುಗಳು ಅವಳ ಬಾಯಿಂದ ಬಿದ್ದವು. ಗಿಟಾರ್, ಸಫಾರಿ ಸೂಟಿನವನು, ಕತ್ತರಿಸಿದ ಬೆರಳು, ಕತ್ತಲಾಗುವುದರೊಳಗೆ. "ಗಯಾಸ್ ಬದುಕಿದ್ದಾನೆ, ಸಾರ್."

ಆ ಕಡೆ ಚನ್ನಕೇಶವರ ದನಿ ತಗ್ಗಿತು.

"ಸುಗ್ರಾ ಅವ್ರೇ, ಸಮಾಧಾನವಾಗಿ ಕೇಳಿ. ಕೆರೆ ಹೆಣಕ್ಕೆ ಮುಖ ಇರಲಿಲ್ಲ. ಮೈಮೇಲಿದ್ದ ಗಯಾಸ್ ಅಂಗಿ ಒಂದನ್ನೇ ನಂಬೋಕಾಗಲ್ಲ ಅಂತ ನಾನೇ ಅಂದಿದ್ದೆ. ಗುರುತು ಹೇಳಿದ್ದು ಒಬ್ಬರೇ. ಬಲಗೈ ಎತ್ತಿ ಹಿಡ್ಕೊಂಡು, ಇದೇ ಕೈ, ಇದನ್ನ ನಾನು ಮರೀತೀನಾ ಅಂದ್ರು. ಆ ಕೈಲಿ ಐದೂ ಬೆರಳಿದ್ವು. ಅವತ್ತು ಆಸ್ಪತ್ರೆಲಿ ಹಾಗಂದದ್ದು ನಿಮ್ಮ ತಂಗಿ."

"ಅಳ್ತಾ ಇದ್ಲು, ಸಾರ್. ಅವಳಿಗೆ ಏನು ಕಾಣ್ತಿತ್ತು..."

"ಇರ್ಬಹುದು. ನಾನು ಬರೋವರೆಗೂ ಅವ್ರನ್ನ ಹೊರಗೆ ಬಿಡ್ಬೇಡಿ. ಅಮೀನಾ ಎಲ್ಲಿದ್ದಾರೆ ಈಗ?"

ಸುಗ್ರಾ ರಿಸೀವರ್ ಹಿಡಿದುಕೊಂಡೇ ಜಗಲಿಯ ಕಡೆ ತಿರುಗಿದಳು. "ಲಕ್ಷ್ಮಿದೇವಮ್ಮ, ಅಮೀನಾ ಬಂದ್ಲಲ್ಲ, ಎಲ್ಲಿ?"

"ಇಲ್ಲೆಲ್ಲಿ ಬಂದ್ಲು? ಹಿತ್ತಲಿಂದ ಬಂದೋಳು ನಿಲ್ಲಲೇ ಇಲ್ಲ." ಲಕ್ಷ್ಮಿದೇವಮ್ಮ ಹುಣಸೆಯಂಟಿದ ಕೈಯನ್ನು ತಮ್ಮ ಬೀದಿಯ ಹೊಂಗೆ ಮರದ ಕಡೆಗೆ ಚಾಚಿದರು. "ಅಲ್ಲೊಂದು ಫಿಯೆಟ್ ನಿಂತಿತ್ತು, ಅದರಲ್ಲಿ ಹತ್ತಿ ಕೂತ್ಲು. ಬಟ್ಟೆ ಗಂಟೂ ತಂದಿದ್ಲು. ಈಗ ಗಿಟಾರ್ ಹೊತ್ತ್ಕೊಂಡು ಒಬ್ರು ಬಂದ್ರು ನೋಡಿ, ಅವರೂ ಹತ್ತಿದ್ರು, ಹೊರಟುಹೋದ್ರು. ನೀವೇ ಎಲ್ಲಿಗೋ ಕಳಿಸ್ತಿದ್ದೀರಿ ಅಂದ್ಕೊಂಡೆ."

"ಬಲವಂತ ಮಾಡಿ ಹತ್ತಿಸ್ಕೊಂಡ್ರಾ?"

"ಅಯ್ಯೋ, ಯಾರ ಬಲವಂತ? ಅವಳೇ ಬಾಗಿಲು ತೆಕ್ಕೊಂಡು ಕೂತ್ಲು. ಅವ್ರನ್ನ ನೋಡಿ ನಕ್ಲು ಕಣ್ರೀ. ಪಾಪ, ಆ ಹುಡುಗಿ ನಕ್ಕಿದ್ದು ನೋಡಿ ನಂಗೂ ಒಂಥರಾ ಸಮಾಧಾನ ಆಯ್ತು."

ರಿಸೀವರಿನೊಳಗೆ ಚನ್ನಕೇಶವ ಅಮೀನಾ ಎಲ್ಲಿ ಎಂಬ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು.